ಈಡಿನ ಬೆಲೆ: ಚಾಮರಾಜನಗರ–ಗುಂಡ್ಲುಪೇಟೆ ಸೀಮೆಯ ರೈತಕೋವಿಯ ಇತಿಹಾಸ

ಚಾಮರಾಜನಗರದ ಹಳೆಯ ಹೆಸರು ಅರಿಕುಠಾರ. 1774ರಲ್ಲಿ ಇಲ್ಲಿ ಜನಿಸಿದ ಚಾಮರಾಜ ಒಡೆಯರ ನೆನಪಿಗಾಗಿ ಅವರ ಪುತ್ರ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಊರಿಗೆ ಈಗಿನ ಹೆಸರನ್ನಿಟ್ಟು, 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಅರಿಕುಠಾರವೆಂದರೆ ಹಗೆಗಳ ಪಾಲಿನ ಕೊಡಲಿ. ಹೀಗೆ ಆಯುಧವೊಂದರ ಹೆಸರನ್ನು ಹೊತ್ತಿದ್ದ ಊರಿನ ನೆರೆಯಲ್ಲೇ ಗುಂಡ್ಲುಪೇಟೆಯಿದೆ. ಅದರ ಹೆಸರಿನಲ್ಲಿ ಗುಂಡಿನ ಸದ್ದು ಕೇಳಿಸಿದರೂ ಅದು ಕೋವಿಯ ಗುಂಡಲ್ಲ, ಊರ ಬದಿಯಲ್ಲಿ ಹರಿಯುವ ಗುಂಡ್ಲು ಹೊಳೆ. ಹೆಸರುಗಳನ್ನು ನಂಬಿ ಈ ಸೀಮೆಯ ಆಯುಧಗಳ ಚರಿತ್ರೆಯನ್ನು ಬರೆಯಹೊರಟರೆ ಅರಸರ ದಂಡು, ಪಾಳೆಯಗಾರರ ಕಾಳಗಗಳ ಕಡೆಗೆ ದಾರಿ ಹೊರಳಿಬಿಡುತ್ತದೆ. ಆದರೆ ಕಳೆದ ನೂರೈವತ್ತು ವರ್ಷಗಳಲ್ಲಿ ಇಲ್ಲಿನ ಮನೆಗಳೊಳಗೆ ನಿಜವಾಗಿ ಉಳಿದುಬಂದ ಕೋವಿ ದಂಡಿನದಲ್ಲ, ಹೊಲದ್ದು. ಅದರ ಹಗೆ ಹಂದಿ, ಕಡವೆ, ಆನೆ. ಅದನ್ನು ಕೊಂಡದ್ದು ರಾಗಿ, ಜೋಳ, ಹುರುಳಿ ಮಾರಿ ಮನೆಖರ್ಚು ಕಳೆದ ಮೇಲೆ ಕೈಯಲ್ಲಿ ಮಿಕ್ಕ ಹಣದಿಂದ.

ಈ ಮಿಕ್ಕ ಹಣ ಎಂಬ ಮಾತನ್ನು ಒತ್ತಿ ಹೇಳಬೇಕಾಗಿದೆ. ಮಳೆಯಾಧಾರದ ಬೇಸಾಯದ ಮನೆಯಲ್ಲಿ ಸುಗ್ಗಿಯ ನಂತರ ಉಳಿಯುವ ಅಲ್ಪ ಹಣಕ್ಕೆ ಬಾಯಿಗಳು ಹಲವು. ಎತ್ತಿನ ಜೋಡಿ, ಮದುವೆ, ಬಂಗಾರದ ಒಂದು ಎಳೆ, ಸಾಲದ ಬಡ್ಡಿ ಇವೆಲ್ಲವುಗಳ ಸಾಲಿನಲ್ಲಿ ಕೋವಿಯೂ ನಿಲ್ಲುತ್ತಿತ್ತು. ಎತ್ತು ಉಳುತ್ತದೆ, ಬಂಗಾರ ಕಷ್ಟಕಾಲದಲ್ಲಿ ಅಡವಿಗೆ ಒದಗುತ್ತದೆ. ಕೋವಿಯಾದರೋ ಕೊಂಡ ದಿನದಿಂದಲೇ ಮತ್ತೆ ಖರ್ಚನ್ನು ಕೇಳುವ ವಸ್ತು. ಆದ್ದರಿಂದ ರೈತಕೋವಿಯ ಇತಿಹಾಸವನ್ನು ಅದರ ಕ್ರಯದಿಂದ ಅಳೆಯುವುದಕ್ಕಿಂತ, ಒಮ್ಮೆ ಹಾರಿಸಲು ತಗಲುವ ವೆಚ್ಚದಿಂದ, ಅಂದರೆ ಈಡಿನ ಬೆಲೆಯಿಂದ ಅಳೆಯುವುದೇ ಸೂಕ್ತ. ಆ ಬೆಲೆಯನ್ನು ಯಾರು ಕಟ್ಟುತ್ತಾರೆ, ಈಡಿನ ಸಾಮಗ್ರಿ ಎಲ್ಲಿಂದ ಬರುತ್ತದೆ, ಅದನ್ನು ಮನೆಯಲ್ಲೇ ಸಿದ್ಧಪಡಿಸಿಕೊಳ್ಳಬಹುದೇ ಎಂಬ ಪ್ರಶ್ನೆಗಳಲ್ಲಿ ಈ ಎರಡು ತಾಲ್ಲೂಕುಗಳ ರೈತ, ಕಾಡು ಮತ್ತು ಸರ್ಕಾರದ ನಡುವಣ ಸಂಬಂಧದ ಒಳಪದರಗಳು ಕಾಣಸಿಗುತ್ತವೆ.

ಮದ್ದು, ಚರೆ, ಕೇಪು

ಕನ್ನಡದಲ್ಲಿ ‘ಈಡು’ ಎಂಬ ಶಬ್ದಕ್ಕೆ ಕೋವಿಯ ಹೊಡೆತವೆಂಬ ಅರ್ಥವೂ ಇದೆ, ಸಾಲಕ್ಕೆ ಒತ್ತೆಯಿಡುವ ಆಸ್ತಿಯೆಂಬ ಅರ್ಥವೂ ಇದೆ. ‘ಮದ್ದು’ ರೋಗಕ್ಕೂ ಹೌದು, ಕೋವಿಗೂ ಹೌದು. ಕೋವಿಮದ್ದಿನ ಮೂರು ಮೂಲವಸ್ತುಗಳಾದ ಪೆಟ್ಲುಪ್ಪು, ಗಂಧಕ, ಇದ್ದಿಲುಗಳಲ್ಲಿ ಗಂಧಕವೊಂದು ದೂರದಿಂದ ಬರಬೇಕಾಗಿತ್ತು. ಇದ್ದಿಲು ಎಲ್ಲೆಡೆ ಸಿಗುತ್ತಿತ್ತು. ಮಣ್ಣಿನಿಂದ ಪೆಟ್ಲುಪ್ಪು ತೆಗೆಯುವ ಕಸುಬು ಮೈಸೂರು ಸೀಮೆಯಲ್ಲಿ ಬಹುಕಾಲ ನಡೆದಿತ್ತು. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ಬಂದೂಕುಗಳು ತಯಾರಾಗುತ್ತಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ನಂತರ ದಂಡಿನ ಆಯುಧಗಳ ಕಥೆ ಮುಗಿಯಿತು. ಆದರೆ ಕಬ್ಬಿಣ ಬಡಿಯಬಲ್ಲ ಕೈಗಳು, ಮದ್ದು ಅರೆಯಬಲ್ಲ ಕೈಗಳು ಅದೇ ದಿನ ಅಳಿಯಲಿಲ್ಲ.

ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿಯ ಕ್ರಮ ಸರಳ. ಅಳತೆಗೆ ತಕ್ಕ ಮದ್ದು, ಅದರ ಮೇಲೆ ನಾರಿನದೋ ಬಟ್ಟೆಯದೋ ಒತ್ತು, ಅನಂತರ ಸೀಸದ ಚರೆ ಅಥವಾ ಒಂಟಿ ಗುಂಡು, ಅದು ಉರುಳದಂತೆ ಮತ್ತೊಂದು ಒತ್ತು. ಇವೆಲ್ಲವನ್ನು ಗಜದಿಂದ ದಟ್ಟಿಸಲಾಗುತ್ತಿತ್ತು. ಕೊನೆಗೆ ಹಿಂಬದಿಯ ಮೊಲೆಯ ಮೇಲೆ ತಾಮ್ರದ ಪುಟ್ಟ ಕೇಪನ್ನು ಕೂರಿಸಿದರೆ, ಕುದುರೆ ಬಡಿದಾಗ ಕಿಡಿ ಒಳಕ್ಕೆ ಹಾರಿ ಈಡು ಹೊರಡುತ್ತದೆ. ಈ ಕೇಪು ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಅದಕ್ಕೆ ಮೊದಲಿದ್ದ ಉರಿಬತ್ತಿಯ ಕೋವಿಗಾಗಲಿ ಚಕಮಕಿ ಕಲ್ಲಿನ ಕೋವಿಗಾಗಲಿ ಅಂಗಡಿಯ ಹಂಗು ಹೆಚ್ಚಿರಲಿಲ್ಲ. ಕಿಡಿಯ ಸಾಧನ ಊರಿನಲ್ಲೇ ಸಿಗುತ್ತಿತ್ತು. ಕೇಪಾದರೋ ಕಾರ್ಖಾನೆಯಲ್ಲೇ ತಯಾರಾಗಬೇಕಾದ ಪದಾರ್ಥ. ಮಳೆಯಲ್ಲೂ ಚೆನ್ನಾಗಿ ಹೊತ್ತಿಕೊಳ್ಳುವ ಈ ಹೊಸ ಸಾಧನ ರೈತನಿಗೆ ಅನುಕೂಲವಾದಷ್ಟೇ ಅವನನ್ನು ಪಟ್ಟಣದ ಅಂಗಡಿಗೆ ಕಟ್ಟಿಹಾಕಿತು. ಮುಂದೆ ತೋಟೆಕೋವಿ ಬಂದಾಗ ಮದ್ದು, ಚರೆ, ಒತ್ತು, ಕೇಪು ಎಲ್ಲವೂ ಒಂದೇ ಕೊಳವೆಯೊಳಗೆ ಸೇರಿ, ಈಡೆಂಬುದು ಪೂರ್ಣವಾಗಿ ಕೊಳ್ಳುವ ಸರಕಾಯಿತು. ತಂತ್ರ ಸುಧಾರಿಸಿದಂತೆ ಪರಾವಲಂಬನೆ ಬೆಳೆದದ್ದು ಬೇಸಾಯದ ಬೇರೆ ಉಪಕರಣಗಳಲ್ಲೂ ಕಂಡುಬರುವ ಸಂಗತಿಯೇ. ಕೋವಿಯಲ್ಲಿ ಅದು ಬಹು ಬೇಗ, ಬಹು ಸ್ಪಷ್ಟವಾಗಿ ನಡೆಯಿತು.

ಬೆಳೆ ಕಾಯುವವನ ದೃಷ್ಟಿಯಿಂದ ಹಳೆಯ ಕೋವಿಗೆ ಇನ್ನೊಂದು ಗುಣವಿತ್ತು. ರಾಗಿ ತೆನೆಕಟ್ಟಿದ ಮೇಲೆ ಕಟಾವಿನವರೆಗೆ ಅಟ್ಟಣೆಯ ಮೇಲೆ ರಾತ್ರಿ ಕಳೆಯುವವನಿಗೆ ಪ್ರಾಣಿಯನ್ನು ಕೊಲ್ಲುವುದಕ್ಕಿಂತ ಅದನ್ನು ಹೊಲದಿಂದ ಹೊರಡಿಸುವುದೇ ಮುಖ್ಯ. ಬಾಯಿಯಿಂದ ತುಂಬುವ ಕೋವಿಗೆ ಚರೆ ಹಾಕದೆ ಬರಿಯ ಮದ್ದನ್ನಷ್ಟೇ ತುಂಬಿ ಸದ್ದು ಮಾಡಬಹುದು. ಎಷ್ಟು ಮದ್ದು, ಎಷ್ಟು ಚರೆ, ಹಂದಿಗೋ ಹಕ್ಕಿಗೋ ಎಂಬುದನ್ನು ಹಾರಿಸುವವನೇ ತೀರ್ಮಾನಿಸುತ್ತಾನೆ. ಅಂದರೆ ಖರ್ಚನ್ನು ಅವನೇ ತೀರ್ಮಾನಿಸುತ್ತಾನೆ. ತೋಟೆಯಲ್ಲಿ ಈ ಸ್ವಾತಂತ್ರ್ಯವಿಲ್ಲ. ಹೆದರಿಸಲೆಂದು ಆಕಾಶಕ್ಕೆ ಹಾರಿಸಿದ ತೋಟೆಗೂ ಪೂರ್ತಿ ಬೆಲೆಯೇ. ತೋಟೆಕೋವಿ ಎಷ್ಟೇ ವೇಗದ್ದಾದರೂ ಕೇಪಿನ ಕೋವಿ ಹಳ್ಳಿಗಳಿಂದ ಬೇಗ ಮರೆಯಾಗಲಿಲ್ಲವೆಂಬುದಕ್ಕೆ ಬಡತನದಷ್ಟೇ ಈ ಲೆಕ್ಕಾಚಾರವೂ ಕಾರಣ.

ಮೋರ್ಲೆಯ ದೊಡ್ಡ ಕೋವಿ

ಇದೇ ಸೀಮೆಯಲ್ಲಿ, ಇದೇ ಕಾಲದಲ್ಲಿ, ಮಿಕ್ಕ ಹಣದಿಂದ ಕೋವಿ ಕೊಂಡ ಇನ್ನೊಂದು ವರ್ಗವಿತ್ತು. ಅದರ ಪ್ರತಿನಿಧಿಯಾಗಿ ಜಾರ್ಜ್ ಪಿ. ಸ್ಯಾಂಡರ್ಸನ್ ಅವರನ್ನು ಪರಿಗಣಿಸಬಹುದು. 1864ರಲ್ಲಿ ಭಾರತಕ್ಕೆ ಬಂದು ಮೈಸೂರಿನ ನಾಲೆಗಳ ಉಸ್ತುವಾರಿಯಲ್ಲಿದ್ದ ಇವರು, ತಮ್ಮ ಪುಸ್ತಕದಲ್ಲಿ ಮೋರ್ಲೆ ಎಂದು ಕರೆದಿರುವ, ಚಾಮರಾಜನಗರದ ಸಮೀಪದ ಹಳ್ಳಿಯಲ್ಲಿ ಬಂಗಲೆ ಕಟ್ಟಿಕೊಂಡು ನೆಲೆಸಿದರು. 1874ರಲ್ಲಿ ಚಾಮರಾಜನಗರದ ಸಮೀಪದ ಕಾಡಿನಲ್ಲಿ ಆನೆಗಳ ಹಿಂಡನ್ನು ಖೆಡ್ಡಾಕ್ಕೆ ಕೆಡವಿ ಹೆಸರಾದರು. 1878ರಲ್ಲಿ ಪ್ರಕಟವಾದ ಅವರ ‘ಥರ್ಟೀನ್ ಇಯರ್ಸ್ ಅಮಂಗ್ ದಿ ವೈಲ್ಡ್ ಬೀಸ್ಟ್ಸ್ ಆಫ್ ಇಂಡಿಯಾ’ ಗ್ರಂಥ ಪ್ರಾಣಿಗಳ ಬಗೆಗಿನದಾದರೂ ಕೋವಿಗಳ ಬಗೆಗೂ ಬೆಲೆಬಾಳುವ ಮಾಹಿತಿಯನ್ನು ಕೊಡುತ್ತದೆ.

ಮೊದಲು ಹನ್ನೆರಡು ಬೋರಿನ ರೈಫಲ್‌ನಿಂದ ಆನೆಗಳನ್ನು ಹೊಡೆದ ಸ್ಯಾಂಡರ್ಸನ್ನರಿಗೆ ಅದು ಸಾಲದೆನಿಸಿತು. ಲಂಡನ್ನಿನ ಲ್ಯಾಂಗ್ ಕಂಪನಿಯಿಂದ ಒಂಟಿನಳಿಗೆಯ ನಾಲ್ಕು ಬೋರಿನ ಕೋವಿಯೊಂದನ್ನು ಹೇಳಿ ಮಾಡಿಸಿಕೊಂಡರು. ಒಮ್ಮೆ ಅದರ ತೋಟೆ ಹೊತ್ತಿಕೊಳ್ಳದೆ ಪ್ರಾಣಕ್ಕೇ ಸಂಚಕಾರ ಬಂದುದರಿಂದ ಅದನ್ನೂ ಬಿಟ್ಟು, ಡಬ್ಲ್ಯೂ. ಡಬ್ಲ್ಯೂ. ಗ್ರೀನರ್ ಅವರಿಂದ ನಾಲ್ಕು ಬೋರಿನ ಜೋಡಿನಳಿಗೆಯ ಕೋವಿಯನ್ನು ಕಟ್ಟಿಸಿದರು. ಅದರ ತೂಕ ಹತ್ತೊಂಬತ್ತೂವರೆ ಪೌಂಡು, ಅಂದರೆ ಸುಮಾರು 8.8 ಕಿಲೋ. ಬೋರಿನ ಲೆಕ್ಕವನ್ನು ಇಲ್ಲಿ ವಿವರಿಸುವುದು ಅಪ್ರಸ್ತುತವಾಗಲಾರದು. ನಳಿಗೆಯ ಅಗಲಕ್ಕೆ ಸರಿಹೊಂದುವ ಸೀಸದ ಗುಂಡುಗಳನ್ನು ಒಂದು ಪೌಂಡು ಸೀಸದಿಂದ ಎಷ್ಟು ಎರೆಯಬಹುದೋ ಅದೇ ಬೋರಿನ ಸಂಖ್ಯೆ. ಹನ್ನೆರಡು ಬೋರಿನ ಗುಂಡು ಸುಮಾರು 38 ಗ್ರಾಂ ಆದರೆ ನಾಲ್ಕು ಬೋರಿನದು ಕಾಲು ಪೌಂಡು, ಸುಮಾರು 113 ಗ್ರಾಂ. ಸ್ಯಾಂಡರ್ಸನ್ ಸಾಮಾನ್ಯವಾಗಿ ಅದಕ್ಕೆ ಹನ್ನೆರಡು ಡ್ರಾಮ್, ಎಂದರೆ 21 ಗ್ರಾಂಗೂ ಮಿಕ್ಕ ಮದ್ದನ್ನು ಹಾಕುತ್ತಿದ್ದರು. ಒಂದೇ ಈಡಿನಲ್ಲಿ ಹಾರಿಹೋಗುತ್ತಿದ್ದ ಆ ಸೀಸವನ್ನು ಚರೆಯಾಗಿ ಎರೆದಿದ್ದರೆ ನೆರೆಯ ಹೊಲದವನಿಗೆ ಹಲವು ರಾತ್ರಿಗಳ ಕಾವಲಿಗೆ ಒದಗುತ್ತಿತ್ತು.

ಆ ಕಾಲದ ಯುರೋಪಿಯನ್ ಬೇಟೆಗಾರರ ಸಾಮಾನಿನ ಪೆಟ್ಟಿಗೆಯಲ್ಲಿ ಕೋವಿಯ ಜೊತೆಗೇ ತೋಟೆ ತುಂಬುವ ಸಲಕರಣೆಗಳೂ ಇರುತ್ತಿದ್ದವು. ಹಾರಿಸಿದ ಹಿತ್ತಾಳೆಯ ತೋಟೆಯಿಂದ ಸುಟ್ಟ ಕೇಪನ್ನು ಹೊರದಬ್ಬುವ ಸಾಧನ, ಹೊಸ ಕೇಪನ್ನು ಒತ್ತುವ ಇಕ್ಕಳ, ಮದ್ದಿನ ಅಳತೆಪಾತ್ರೆ, ಒತ್ತನ್ನು ದಟ್ಟಿಸುವ ಮರದ ಕೋಲು, ಕಾಗದದ ತೋಟೆಯಾದರೆ ಅದರ ಬಾಯಿಯನ್ನು ಮಡಿಸುವ ಕೈಯಂತ್ರ, ಗುಂಡು ಎರೆಯುವ ಅಚ್ಚು ಮೊದಲಾದವು. ಬಿಡುವಿನ ವೇಳೆಯಲ್ಲಿ ಮೇಜಿನ ಮುಂದೆ ಕುಳಿತು ತೋಟೆ ತುಂಬುವುದು ಬೇಟೆಯಷ್ಟೇ ಪ್ರಿಯವಾದ ಹವ್ಯಾಸವಾಗಿತ್ತು. ಕೆಲಸವೇನೋ ಅಟ್ಟಣೆಯ ಮೇಲಿನ ರೈತ ಗಜದಿಂದ ಮಾಡುತ್ತಿದ್ದುದೇ. ಸಾಮಗ್ರಿ ದೂರದಿಂದ ಬರಬೇಕು, ಬೆಲೆ ಹೆಚ್ಚು, ಆದ್ದರಿಂದ ಮನೆಯಲ್ಲೇ ತುಂಬಿಕೊಳ್ಳುವುದು ಅಗ್ಗ ಎಂಬ ಕಾರಣವೂ ಅದೇ. ಒಬ್ಬನದು ಮೇಜಿನ ಮೇಲಿನ ಹವ್ಯಾಸವೆನಿಸಿದರೆ ಇನ್ನೊಬ್ಬನದು ಪೊಲೀಸರ ಕಣ್ಣಿಗೆ ಅನುಮಾನದ ವಸ್ತುವಾಯಿತು.

ಸ್ಯಾಂಡರ್ಸನ್ನರ ಗ್ರಂಥದಲ್ಲಿ ಇನ್ನೊಂದು ಗಮನಾರ್ಹ ವಿಚಾರವಿದೆ. ಹುಲಿಯನ್ನು ಕೇವಲ ಪೀಡೆಯೆಂದು ಎಣಿಸುವುದನ್ನು ಅವರು ಒಪ್ಪುವುದಿಲ್ಲ. ಬೆಳೆ ತಿನ್ನುವ ಹಂದಿ ಜಿಂಕೆಗಳ ಸಂಖ್ಯೆಯನ್ನು ಹಿಡಿತದಲ್ಲಿಡುವ ಮೂಲಕ ಹುಲಿ ರೈತನಿಗೆ ಉಪಕಾರಿಯೇ ಆಗಿದೆಯೆಂದು ವಾದಿಸುತ್ತಾರೆ. ಕಾಡಿನಲ್ಲಿ ಹುಲಿಯೂ ಹೊಲದಲ್ಲಿ ಕೋವಿಯೂ ಒಂದೇ ಕೆಲಸ ಮಾಡುತ್ತವೆಂಬ ಈ ಮಾತನ್ನು ಹೇಳಿದವರು ಸ್ವತಃ ದೊಡ್ಡ ಬೇಟೆಗಾರರೆಂಬುದು ಸೋಜಿಗ. ಮುಂದೆ ಬಿಳಿಗಿರಿರಂಗನ ಬೆಟ್ಟದ ಹೊನ್ನಮೇಟಿಯ ಕಾಫಿ ತೋಟಗಾರ ಆರ್. ಸಿ. ಮಾರಿಸ್ ಅವರಲ್ಲೂ ಇಂಥದೇ ದ್ವಂದ್ವ ಕಾಣುತ್ತದೆ. ಬೇಟೆಯಲ್ಲಿ ನುರಿತವರಾಗಿದ್ದ ಅವರು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಗೆ ವನ್ಯಜೀವಿಗಳ ಬಗ್ಗೆ ನಿರಂತರವಾಗಿ ಬರೆದರು. 1939ರಲ್ಲಿ ಮೈಸೂರಿನ ಪಕ್ಷಿ ಸಮೀಕ್ಷೆಗಾಗಿ ಬಂದ ಸಲೀಂ ಅಲಿಯವರಿಗೆ ಆತಿಥ್ಯ ನೀಡಿದರು. ಬೆಂಗಳೂರಿನ ಕೆನೆತ್ ಆಂಡರ್ಸನ್ ತಮ್ಮ .405 ವಿಂಚೆಸ್ಟರ್ ರೈಫಲ್ ಹಿಡಿದು ಸುತ್ತಿದ ಕಾಡುಗಳಲ್ಲಿ ಈ ಸೀಮೆಗೆ ಅಂಟಿದ ತಾಳವಾಡಿ–ದಿಂಬಂ ಪ್ರದೇಶವೂ ಸೇರಿದೆ. ಇವರೆಲ್ಲರ ಕೋವಿಗಳ ಹೆಸರು, ಬೋರು, ಮದ್ದಿನ ತೂಕ ಪುಸ್ತಕಗಳಲ್ಲಿ ಅಚ್ಚಾಗಿವೆ. ರೈತನ ಕೋವಿಯ ವಿವರ ದಾಖಲಾದದ್ದು ಪರವಾನಗಿ ಪುಸ್ತಕದಲ್ಲಿ ಮಾತ್ರ.

ಎರಡು ಆಡಳಿತ, ಒಂದು ಕಾಡು

1878ರ ಭಾರತೀಯ ಶಸ್ತ್ರಾಸ್ತ್ರ ಅಧಿನಿಯಮ ಬ್ರಿಟಿಷ್ ಭಾರತದಲ್ಲಿ ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳುವುದನ್ನು ಅಪರಾಧವಾಗಿಸಿತು. 1884ರ ಸ್ಫೋಟಕ ಅಧಿನಿಯಮ ಮದ್ದಿನ ತಯಾರಿಕೆ ಮಾರಾಟಗಳನ್ನು ಹತೋಟಿಗೆ ತಂದಿತು. ಚಾಮರಾಜನಗರ, ಗುಂಡ್ಲುಪೇಟೆಗಳು 1881ರಲ್ಲಿ ಅರಸರಿಗೆ ಮರಳಿದ ಮೈಸೂರು ಸಂಸ್ಥಾನದಲ್ಲಿದ್ದವು. ಇಂದು ಅದೇ ಜಿಲ್ಲೆಯಲ್ಲಿರುವ ಕೊಳ್ಳೇಗಾಲವಾದರೋ 1956ರವರೆಗೆ ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಬಿಳಿಗಿರಿರಂಗನ ಬೆಟ್ಟದ ಸಾಲಿನ ಒಂದು ಇಳುಕಲು ಸಂಸ್ಥಾನದ್ದು, ಇನ್ನೊಂದು ಬ್ರಿಟಿಷರದು. ಆನೆಗೆ ಈ ಗಡಿ ಗೊತ್ತಿರಲಿಲ್ಲ; ಕೋವಿ ಹಿಡಿದವನಿಗೆ ಮಾತ್ರ ಗೊತ್ತಿರಬೇಕಾಗಿತ್ತು. ಪಶ್ಚಿಮಕ್ಕಿರುವ ಕೊಡಗಿನಲ್ಲಿ ಸ್ಥಿತಿಯೇ ಬೇರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ದೊರೆತು, ಅದು ಸ್ವಾತಂತ್ರ್ಯಾನಂತರವೂ ಮುಂದುವರಿಯಿತು. 2019ರಲ್ಲಿ ಹತ್ತು ವರ್ಷಗಳಿಗೆ ನವೀಕೃತವಾಯಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲಿಸುವ ಕೊಡಗಿನಲ್ಲಿ ಅದು ಕುಲದ ಗುರುತಾಗಿದೆ. ಗುಂಡ್ಲುಪೇಟೆಯ ರೈತನಿಗೆ ಅದು ನೇಗಿಲು ಕುಡುಗೋಲುಗಳ ಸಾಲಿನಲ್ಲಿ ಆಯುಧಪೂಜೆಯ ದಿನ ಕುಂಕುಮ ಪಡೆಯುವ ಒಂದು ಹತಾರ, ಅಷ್ಟೇ. ಎರಡೂ ಕಡೆ ಹಂದಿ ಒಂದೇ ಆದರೂ ಕಾನೂನು ಗೌರವಿಸಿದ್ದು ಗುರುತನ್ನು, ಹತಾರವನ್ನಲ್ಲ.

ಸಂಸ್ಥಾನದಲ್ಲಿ 1901ರ ಬೇಟೆಪ್ರಾಣಿ ಹಾಗೂ ಮೀನು ಸಂರಕ್ಷಣಾ ರೆಗ್ಯುಲೇಷನ್ನು ಬೇಟೆಯನ್ನು ಕಟ್ಟುಪಾಡಿಗೆ ಒಳಪಡಿಸಿತು. 1931ರಲ್ಲಿ ಬಂಡೀಪುರದ ಸುತ್ತ 90 ಚದರ ಕಿಲೋಮೀಟರಿನಷ್ಟು ಕಾಡು ರಕ್ಷಿತಧಾಮವಾಯಿತು. 1941ರಲ್ಲಿ ಅದು ಸುಮಾರು 800 ಚದರ ಕಿಲೋಮೀಟರುಗಳ ವೇಣುಗೋಪಾಲ ವನ್ಯಧಾಮವಾಗಿ ವಿಸ್ತಾರಗೊಂಡಿತು. ಹಿಮವದ್ ಗೋಪಾಲಸ್ವಾಮಿಯ ಹೆಸರಿನಲ್ಲಿ ಕಾಡನ್ನು ಕಾಯುವ ಈ ಕಲ್ಪನೆ ಸುಂದರವಾದುದು. ಅದರ ಅಂಚಿನ ಹಂಗಳ, ಮೇಲುಕಾಮನಹಳ್ಳಿ, ಮಂಗಲ, ಕಣಿಯನಪುರಗಳಂಥ ಊರುಗಳಿಗೆ ಮಾತ್ರ, ಸ್ವಾಮಿಯ ಮಂದೆ ರಾತ್ರಿ ಹೊಲಕ್ಕೆ ಬಂದಾಗ ಏನು ಮಾಡಬೇಕೆಂಬ ಪ್ರಶ್ನೆ ಉಳಿಯಿತು.

ಯಂತ್ರವೂ ಮದ್ದುಗುಂಡೇ

ಸ್ವತಂತ್ರ ಭಾರತದ 1959ರ ಶಸ್ತ್ರಾಸ್ತ್ರ ಅಧಿನಿಯಮ ಅದರ ನಿಯಮಗಳೊಡನೆ 1962ರ ಅಕ್ಟೋಬರ್ 1ರಂದು ಜಾರಿಗೆ ಬಂದಿತು. ಈ ಶಾಸನದಲ್ಲಿ ಬೆಳೆ ಕಾಯುವವನ ನೆನಪು ಇಲ್ಲದಿಲ್ಲ. ಪ್ರಾಮಾಣಿಕವಾಗಿ ಬೆಳೆ ರಕ್ಷಣೆಗೆಂದು ಕೇಳುವವನಿಗೆ ಬಾಯಿಯಿಂದ ಮದ್ದು ತುಂಬುವ ಕೋವಿಯ ಪರವಾನಗಿಯನ್ನು ಕೊಡತಕ್ಕದ್ದೆಂದು 13ನೆಯ ಪ್ರಕರಣ ಹೇಳುತ್ತದೆ. ಅಂಥ ಕೋವಿ ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ನುಣುಪು ನಳಿಗೆಯ ಕೋವಿಗೆ ಅನುಮತಿ ನೀಡಬಹುದು. ಆತ್ಮರಕ್ಷಣೆಗೋ ಕ್ರೀಡೆಗೋ ಕೇಳುವವನಿಗಾದರೆ ನಳಿಗೆ 20 ಅಂಗುಲಕ್ಕೆ ಕಡಿಮೆಯಿಲ್ಲದ ನುಣುಪು ನಳಿಗೆಯ ಕೋವಿ ಮೊದಲಿಗೇ ಸಲ್ಲುತ್ತದೆ. ಶಾಸನ ಬರೆದವರ ಮನಸ್ಸಿನಲ್ಲಿ ರೈತನಿಗೆ ಹಳೆಯ ಕೋವಿ ಸಾಕೆಂಬ ಭಾವನೆಯಿತ್ತೆಂಬುದು ಇದರಿಂದ ವ್ಯಕ್ತವಾಗುತ್ತದೆ. ಅದು ತಾತ್ಸಾರವೆಂದು ಕಂಡರೂ, ಈಡಿನ ಬೆಲೆಯ ದೃಷ್ಟಿಯಿಂದ ರೈತನಿಗೆ ಅನುಕೂಲವಾದ ತಾತ್ಸಾರವೇ.

ಇದಕ್ಕಿಂತ ಸೂಕ್ಷ್ಮವಾದುದು ಅದೇ ಅಧಿನಿಯಮದ 2ನೆಯ ಪ್ರಕರಣ. ಅಲ್ಲಿ ‘ಮದ್ದುಗುಂಡು’ ಎಂಬ ಪದದ ವ್ಯಾಖ್ಯೆಯೊಳಗೆ ಸಿದ್ಧವಾದ ತೋಟೆಗಳಷ್ಟೇ ಅಲ್ಲ, ಈಡುಗಳು ಮತ್ತು ಅವುಗಳ ಉಪಸಾಮಗ್ರಿ, ಮದ್ದುಗುಂಡಿನ ಬಿಡಿಭಾಗಗಳು, ಅದನ್ನು ತಯಾರಿಸುವ ಯಂತ್ರಸಾಧನಗಳೂ ಸೇರಿವೆ. ತೋಟೆಯ ಬಾಯಿ ಮಡಿಸುವ ಕೈಯಂತ್ರವೂ, ಬಳಸಿದ ತೋಟೆಗೆ ಹೊಸ ಕೇಪು ಕೂರಿಸುವ ಇಕ್ಕಳವೂ ಈ ವ್ಯಾಖ್ಯೆಯ ವ್ಯಾಪ್ತಿಗೆ ಬರಬಹುದು. ಸ್ಯಾಂಡರ್ಸನ್ನರ ಪೀಳಿಗೆಯವರ ಮೇಜಿನ ಮೇಲೆ ಹವ್ಯಾಸದ ಉಪಕರಣವಾಗಿದ್ದುದು ಹೀಗೆ ತಾನೇ ಮದ್ದುಗುಂಡಾಯಿತು. ಮಿಕ್ಕ ಹಣದಿಂದ ತೋಟೆ ತುಂಬುವ ಸಲಕರಣೆ ಕೊಂಡು ಖರ್ಚು ಉಳಿಸುವ ಹಾದಿ, ಅಮೆರಿಕದಂಥ ದೇಶಗಳಲ್ಲಿ ಸಾಮಾನ್ಯ ಮನೆಗೆಲಸವಾಗಿರುವುದು, ಇಲ್ಲಿ ಬೇರೂರಲೇ ಇಲ್ಲ. ಕಾರ್ಖಾನೆಯ ತೋಟೆಯೇ ಗತಿಯಾಯಿತು. ಪುಣೆಯ ಸಮೀಪದ ಖಡ್ಕಿಯ ಸರ್ಕಾರಿ ಮದ್ದುಗುಂಡು ಕಾರ್ಖಾನೆಯ ಹನ್ನೆರಡು ಬೋರಿನ ‘ಶಕ್ತಿಮಾನ್’ ತೋಟೆಗಳು ಕೋವಿಯುಳ್ಳವರಿಗೆಲ್ಲ ಪರಿಚಿತ. ಎಷ್ಟು ತೋಟೆ ಕೊಳ್ಳಬಹುದೆಂಬ ಮಿತಿ ಪರವಾನಗಿಯಲ್ಲೇ ನಮೂದಾಗಿರುತ್ತದೆ; ಕೊಂಡದ್ದನ್ನು ಅಂಗಡಿಯವನು ಅದರಲ್ಲಿ ಬರೆಯುತ್ತಾನೆ.

ಹಣಕ್ಕಿಂತ ಭಾರವಾದ ಖರ್ಚು ಓಡಾಟದ್ದು. 1997ರಲ್ಲಿ ಚಾಮರಾಜನಗರ ಜಿಲ್ಲೆ ರಚನೆಯಾಗುವವರೆಗೆ ಎರಡೂ ತಾಲ್ಲೂಕುಗಳು ಮೈಸೂರು ಜಿಲ್ಲೆಯಲ್ಲಿದ್ದವು. ಜಿಲ್ಲಾ ಮ್ಯಾಜಿಸ್ಟ್ರೇಟರ ಕಚೇರಿ ಸುಮಾರು 60 ಕಿಲೋಮೀಟರು ದೂರದ ಮೈಸೂರಿನಲ್ಲಿತ್ತು. ಅರ್ಜಿ, ಪೊಲೀಸ್ ವರದಿ, ನವೀಕರಣಗಳಿಗಾಗಿ ಕಳೆಯುವ ಒಂದೊಂದು ದಿನವೂ ಕೂಲಿ ಕಳೆದುಕೊಂಡ ದಿನವೇ. ಈಡಿನ ಬೆಲೆಗೆ ಇದನ್ನೂ ಸೇರಿಸದಿದ್ದರೆ ಲೆಕ್ಕ ತಪ್ಪುತ್ತದೆ.

ಹತ್ತು ಕಿಲೋಮೀಟರು

1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮ, 1973ರ ಹುಲಿ ಯೋಜನೆ, 1974ರಲ್ಲಿ ಬಂಡೀಪುರಕ್ಕೆ ರಾಷ್ಟ್ರೀಯ ಉದ್ಯಾನದ ಸ್ಥಾನ ಮತ್ತು ಬಿಳಿಗಿರಿರಂಗನ ಬೆಟ್ಟದಲ್ಲಿ ಅಭಯಾರಣ್ಯ, ಇವು ಒಂದರ ಹಿಂದೊಂದು ಬಂದವು. 1977ರಲ್ಲಿ ಆನೆ ಅತ್ಯುನ್ನತ ರಕ್ಷಣೆಯ ಮೊದಲ ಅನುಸೂಚಿಗೆ ಸೇರಿತು. ಪರವಾನಗಿ ಪಡೆದು ಬೇಟೆಯಾಡುವ ಪದ್ಧತಿಯನ್ನು 1991ರ ತಿದ್ದುಪಡಿ ಕೊನೆಗೊಳಿಸಿತು. ಇವುಗಳ ಫಲವಾಗಿ ಹುಲಿಯೂ ಆನೆಯೂ ಉಳಿದುಕೊಂಡವೆಂಬುದನ್ನು ಯಾರೂ ಅಲ್ಲಗಳೆಯಲಾರರು.

ರೈತಕೋವಿಯ ಮಟ್ಟಿಗೆ ನಿರ್ಣಾಯಕವಾದುದು ಈ ಅಧಿನಿಯಮದ 34ನೆಯ ಪ್ರಕರಣ. ಅಭಯಾರಣ್ಯದೊಳಗೆ ಅಥವಾ ಅದರಿಂದ ಹತ್ತು ಕಿಲೋಮೀಟರುಗಳ ಒಳಗೆ ವಾಸಿಸುವ ಪ್ರತಿಯೊಬ್ಬ ಪರವಾನಗಿದಾರನೂ ತನ್ನ ಹೆಸರನ್ನು ಅರಣ್ಯ ಇಲಾಖೆಯಲ್ಲಿ ನೋಂದಾಯಿಸತಕ್ಕದ್ದು. ಆ ಪರಿಧಿಯಲ್ಲಿ ಹೊಸ ಪರವಾನಗಿಯನ್ನು ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವಸಮ್ಮತಿಯಿಲ್ಲದೆ ಕೊಡುವಂತಿಲ್ಲ. ರಾಷ್ಟ್ರೀಯ ಉದ್ಯಾನಗಳಿಗೂ ಇದು ಅನ್ವಯಿಸುತ್ತದೆ. ಗುಂಡ್ಲುಪೇಟೆ ತಾಲ್ಲೂಕಿನ ನಕ್ಷೆಯ ಮೇಲೆ ಬಂಡೀಪುರದ ಗಡಿಯಿಂದ ಹತ್ತು ಕಿಲೋಮೀಟರಿನ ಗೆರೆ ಎಳೆದರೆ ಕಾಡುಪ್ರಾಣಿಗಳ ಕಾಟ ಅತ್ಯಂತ ಹೆಚ್ಚಿರುವ ಊರುಗಳೇ ಅದರೊಳಗೆ ಬೀಳುತ್ತವೆ. ಒಂದು ಶಾಸನ ಬೆಳೆ ಕಾಯುವವನಿಗೆ ಕೋವಿ ಕೊಡತಕ್ಕದ್ದೆನ್ನುತ್ತದೆ. ಇನ್ನೊಂದು, ಅವನ ಬೆಳೆ ಕಾಡಿಗೆ ಹತ್ತಿರವಿದ್ದಷ್ಟೂ ಅವನಿಗೆ ಕೊಡುವುದು ಕಠಿಣವೆನ್ನುತ್ತದೆ. ಎರಡರ ಉದ್ದೇಶಗಳೂ ಸರಿಯಾದವೇ.

ಇದೇ ವರ್ಷಗಳಲ್ಲಿ ಜಿಲ್ಲೆಯ ಪೂರ್ವಭಾಗದ ಕಾಡುಗಳಲ್ಲಿ ಗೋಪಿನಾಥಂನ ವೀರಪ್ಪನ್ ಆನೆಗಳನ್ನು ಕೊಂದು, ಗಂಧ ಕದ್ದು, ಮನುಷ್ಯರನ್ನೂ ಕೊಲ್ಲತೊಡಗಿದ್ದನು. 1991ರಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್, 1992ರಲ್ಲಿ ಪೊಲೀಸ್ ಅಧಿಕಾರಿಗಳಾದ ಹರಿಕೃಷ್ಣ ಮತ್ತು ಶಕೀಲ್ ಅಹಮದ್ ಹತರಾದರು. 1992ರಲ್ಲೇ ರಾಮಾಪುರ ಪೊಲೀಸ್ ಠಾಣೆಯ ಮೇಲೆ ದಾಳಿ ನಡೆದು ಪೊಲೀಸರು ಪ್ರಾಣ ತೆತ್ತರು, ಆಯುಧಗಳು ಲೂಟಿಯಾದವು. 2004ರ ಅಕ್ಟೋಬರ್ 18ರಂದು ಅವನು ಹತನಾಗುವವರೆಗೆ ಕಾಡಂಚಿನ ಹಳ್ಳಿಗಳಲ್ಲಿ ಕೋವಿ, ಕೇಪು, ಮದ್ದು ಎಂಬ ಮಾತುಗಳ ಅರ್ಥವೇ ಬದಲಾಗಿತ್ತು. ಜನ ಎರಡು ಕಡೆಯ ಭಯಕ್ಕೆ ಸಿಕ್ಕಿದ್ದರು. ವಿಶೇಷ ಕಾರ್ಯಪಡೆಯ ವಿರುದ್ಧ ಬಂದ ದೂರುಗಳ ವಿಚಾರಣೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ. ಜೆ. ಸದಾಶಿವ ಅವರ ಸಮಿತಿಯನ್ನು ನೇಮಿಸಬೇಕಾಯಿತೆಂಬುದೇ ಆ ಕಾಲದ ಸ್ಥಿತಿಗೆ ಸಾಕ್ಷಿ. ಇಂಥ ಹೊತ್ತಿನಲ್ಲಿ ಮನೆಯ ಮೂಲೆಯಲ್ಲಿ ಮದ್ದಿನ ಪೊಟ್ಟಣ ಇಟ್ಟುಕೊಳ್ಳುವುದು ಬೆಳೆ ಕಳೆದುಕೊಳ್ಳುವುದಕ್ಕಿಂತ ದೊಡ್ಡ ಗಂಡಾಂತರವೆಂದು ರೈತನಿಗೆ ತೋರಿದರೆ ಆಶ್ಚರ್ಯವಿಲ್ಲ.

ಇತ್ತ ಗುಂಡ್ಲುಪೇಟೆಯ ಬೇಸಾಯವೂ ಹೊರಳಿತು. ಕೊಳವೆಬಾವಿಗಳು ಬಂದವು, ಅರಿಸಿನ, ಸೂರ್ಯಕಾಂತಿ, ಚೆಂಡುಹೂವು, ಈರುಳ್ಳಿ ಬೆಳೆದವು. ಕೈಯಲ್ಲಿ ಮಿಕ್ಕ ಹಣ ಹೆಚ್ಚಿತು, ಆದರೆ ಅದು ಕೋವಿಯ ಕಡೆಗೆ ಹರಿಯದೆ ಪಂಪು, ಪೈಪು, ಸೌರಬೇಲಿಗಳ ಕಡೆಗೆ ಹರಿಯಿತು. ಕಾಡಿನ ಅಂಚಿನುದ್ದಕ್ಕೂ ಇಲಾಖೆ ಆನೆಕಂದಕ ತೋಡಿತು, ಮುಂದೆ ಕೆಲವೆಡೆ ರೈಲುಕಂಬಿಯ ತಡೆಗೋಡೆ ನೆಟ್ಟಿತು. ಎಲ್ಲ ರೈತರ ಕೈಗೂ ಇವು ಎಟುಕಲಿಲ್ಲ. ಬೇಲಿಗೆ ನೇರವಾಗಿ ವಿದ್ಯುತ್ ಹರಿಸಿ ಆನೆಯೂ ಮನುಷ್ಯನೂ ಸತ್ತ ಪ್ರಕರಣಗಳು ಈ ರಾಜ್ಯಕ್ಕೆ ಹೊಸವಲ್ಲ. 2025ರ ಜೂನ್‌ನಲ್ಲಿ ಮಲೆಮಹದೇಶ್ವರ ಬೆಟ್ಟದ ಕಾಡಿನಲ್ಲಿ ವಿಷಪ್ರಾಶನದಿಂದ ಒಂದು ತಾಯಿಹುಲಿಯೂ ನಾಲ್ಕು ಮರಿಗಳೂ ಸತ್ತವು. ಸದ್ದಿಲ್ಲದ ಈ ಸಾಧನಗಳಿಗೆ ಪರವಾನಗಿ ಪುಸ್ತಕವಿಲ್ಲ, ತೋಟೆಯ ಲೆಕ್ಕವಿಲ್ಲ. ಕೇಪಿನ ಕೋವಿ ಬರಿಯ ಮದ್ದಿನಿಂದ ಹೆದರಿಸಬಲ್ಲದಾಗಿತ್ತು. ತಂತಿಗೂ ವಿಷಕ್ಕೂ ಹೆದರಿಸುವುದು ಗೊತ್ತಿಲ್ಲ.

ಉಳಿದಿರುವ ಕೋವಿಗಳ ಸ್ಥಿತಿಯನ್ನು ಎರಡು ಮಾತುಗಳಲ್ಲಿ ಹೇಳಬಹುದು. 1962ರ ನಿಯಮಗಳ ಸ್ಥಾನದಲ್ಲಿ ಬಂದ 2016ರ ನಿಯಮಗಳು ಪರವಾನಗಿಗೆ ಸುರಕ್ಷಿತ ಬಳಕೆಯ ತರಬೇತಿಯನ್ನೂ ಕೋವಿಯನ್ನು ಭದ್ರವಾಗಿಡುವ ಏರ್ಪಾಡನ್ನೂ ಬಯಸುತ್ತವೆ. 2019ರ ತಿದ್ದುಪಡಿ ಒಬ್ಬನು ಇಟ್ಟುಕೊಳ್ಳಬಹುದಾದ ಕೋವಿಗಳನ್ನು ಮೂರರಿಂದ ಎರಡಕ್ಕಿಳಿಸಿ, ಪರವಾನಗಿಯ ಅವಧಿಯನ್ನು ಮೂರರಿಂದ ಐದು ವರ್ಷಕ್ಕೇರಿಸಿತು. ಒಂದೇ ಕೋವಿಯ ರೈತನಿಗೆ ಮೊದಲನೆಯದರಿಂದ ನಷ್ಟವಿಲ್ಲ, ಎರಡನೆಯದರಿಂದ ಕೆಲವು ದಿನಗಳ ಓಡಾಟ ಉಳಿಯಿತು. ಚುನಾವಣೆ ಘೋಷಣೆಯಾದಾಗ ಕೋವಿಯನ್ನು ಠಾಣೆಯಲ್ಲಿ ಒಪ್ಪಿಸಿ ರಸೀದಿ ಪಡೆಯಬೇಕೆಂಬ ಆದೇಶ ಬರುವುದು ರೂಢಿ; ಹೊಲದಲ್ಲಿ ಬೆಳೆಯಿದ್ದಾಗ ಅಂಥ ಆದೇಶ ಬಂದರೆ ಆ ದಿನಗಳನ್ನು ತಮಟೆ, ಪಟಾಕಿಗಳಿಂದಲೇ ಕಳೆಯಬೇಕು.

ಈ ಸೀಮೆಯ ಮನೆಗಳಲ್ಲಿ ಮಿಕ್ಕ ಹಣದಿಂದ ಕೊಂಡ ಆಸ್ತಿಗಳ ಪೈಕಿ ಕೋವಿಯೊಂದೇ, ಹೆಸರಿನಲ್ಲೇ ಈಡಿದ್ದರೂ, ಸಾಲಕ್ಕೆ ಈಡಾಗಿ ಇಡಲಾಗದ್ದು. ಪರವಾನಗಿಯಿಲ್ಲದವನಿಗೆ ಅದನ್ನು ಮಾರುವಂತಿಲ್ಲ. ತಂದೆ ತೀರಿಕೊಂಡರೆ ಎತ್ತು, ಬಂಗಾರ, ಹೊಲ ಮಗನಿಗೆ ಬರುತ್ತವೆ. ಕೋವಿ ಬರಬೇಕಾದರೆ ಮಗನು ಹೊಸದಾಗಿ ಅರ್ಜಿ ಹಾಕಬೇಕು, ಹತ್ತು ಕಿಲೋಮೀಟರಿನ ಒಳಗಿನವನಾದರೆ ಅರಣ್ಯ ಇಲಾಖೆಯ ಸಮ್ಮತಿಗೂ ಕಾಯಬೇಕು. ಅಲ್ಲಿಯವರೆಗೆ 21ನೆಯ ಪ್ರಕರಣದಂತೆ ಅದು ಠಾಣೆಯಲ್ಲೋ ಪರವಾನಗಿಯುಳ್ಳ ವ್ಯಾಪಾರಿಯಲ್ಲೋ ಠೇವಣಿಯಾಗಿರುತ್ತದೆ. ಗೊತ್ತುಪಡಿಸಿದ ಅವಧಿಯೊಳಗೆ ಬಿಡಿಸಿಕೊಳ್ಳದಿದ್ದರೆ ಸರ್ಕಾರಕ್ಕೆ ಸೇರುತ್ತದೆ.